ಬೊಟ್ಟು ಅಂಟಿಸುವ ಜಾಗ

ಮೊನ್ನೆಯಿಂದ ನಮ್ಮ ಮಹಡಿ ಕೋಣೆಯಲ್ಲಿ ಮರಗೆಲಸ ನಡೆಯುತ್ತಿದೆ. ಪ್ಲೈವುಡ್ಡಿಗೆ ಹಚ್ಚುವ ಗೋಂದಿನ ಘಾಟು ಮೆಟ್ಟಿಲಿಳಿದು ಅಡುಗೆಮನೆಯವರೆಗೂ ಬಂದು ಕೂತಿದೆ. ಸಾರಿಗೆ ಇಂಗಿನ ಒಗ್ಗರಣೆ ಹಾಕಿದರೂ ಮೂಗಿಗೆ ಅದೇ ವಾಸನೆ. ಬೆಳಿಗ್ಗೆ ಆಚಾರರಿಗೆ ಕಾಫಿ ಕೊಡಲು ಮೇಲೆ ಹೋದೆ. ಹಳೆಯ ಬೀರುವಿನ ಬಾಗಿಲನ್ನು ಕಳಚಿ ಗೋಡೆಗೆ ಒರಗಿಸಿದ್ದರು. ಬಾಗಿಲಿನಲ್ಲಿ ಉದ್ದನೆಯ ಕನ್ನಡಿ. ಕನ್ನಡಿಯ ಅಂಚಿನಲ್ಲಿ ಒಂದರ ಕೆಳಗೊಂದು ಸ್ಟಿಕ್ಕರ್ ಬೊಟ್ಟುಗಳು. ಕೆಲವು ಉದುರಿಹೋಗಿ ಅಂಟಿನ ಕಪ್ಪು ಉಂಗುರ ಮಾತ್ರ ಉಳಿದಿತ್ತು... ಕಾಫಿ ಕೊಡುವುದನ್ನು ಮರೆತು ನಿಂತುಬಿಟ್ಟೆ.

ಆ ಕೋಣೆಯಲ್ಲಿ, ಕೊರೊನಾ ಬರುವುದಕ್ಕೆ ಮುಂಚೆ, ಒಬ್ಬ ಹುಡುಗಿ ಬಾಡಿಗೆಗಿದ್ದಳು. ಊರು ಚೇಳೂರು, ತಂದೆಯದು ಕೊಬ್ಬರಿ ವ್ಯಾಪಾರ. ಇಲ್ಲಿ ತುಮಕೂರಿನ ಕಾಲೇಜಿನಲ್ಲಿ ಇಂಟೀರಿಯರ್ ಡಿಸೈನ್ ಓದುತ್ತಿದ್ದಳು. ನಮ್ಮ ಬೀದಿಯವರೆಲ್ಲ ‘ಮೇಲಿನ ರೂಮಿನ ಹುಡುಗಿ’ ಎನ್ನುತ್ತಿದ್ದರು, ನನಗೂ ಅದೇ ರೂಢಿಯಾಯಿತು. ಮೊದಲ ದಿನ ಅವಳು ಬಂದದ್ದು ಕಂಕುಳಲ್ಲಿ ದೊಡ್ಡದೊಂದು ಡ್ರಾಯಿಂಗ್ ಬೋರ್ಡ್ ಅವುಚಿಕೊಂಡು. ಗುಬ್ಬಿಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು, “ಏನವ್ವಾ, ಇಷ್ಟ್ ದೊಡ್ ಒಬ್ಬಟ್ಟಿನ ಮಣೆ? ಯಾರ್ ಮದ್ವೆಗೆ?” ಎಂದನಂತೆ.

“ನನ್ ಮದ್ವೆಗೇ ಅಂದೆ ಆಂಟಿ. ಲಗೇಜ್ ಟಿಕೆಟ್ಟೇ ಕೇಳ್ಲಿಲ್ಲ ಅವ್ನು” ಎಂದು ನಗುತ್ತಾ ಮೆಟ್ಟಿಲು ಹತ್ತಿದಳು.

ಅವಳ ಓದನ್ನು ನಮ್ಮ ಮನೆಯಲ್ಲಿ ಓದು ಎಂದು ಒಪ್ಪಿದವರಿರಲಿಲ್ಲ. ನಮ್ಮ ಯಜಮಾನರಂತೂ, “ಸೋಫಾ ಎಲ್ಲಿಡ್ಬೇಕು ಅಂತ ಹೇಳ್ಕೊಡೋಕೂ ಒಂದು ಕಾಲೇಜಾ?” ಎಂದು ಅವಳ ಎದುರಿಗೇ ಕೇಳುತ್ತಿದ್ದರು. ಅವಳು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. “ನಮ್ ಮೇಡಂ ಸೋಫಾ ನೋಡ್ಲೇಬೇಡಿ ಅಂತಾರೆ ಅಂಕಲ್. ಮನೆಗೆ ಹೋದ್ರೆ ಯಾರ ಸಾಮಾನು ಎಲ್ಲಿದೆ ಅಂತ ನೋಡ್ಬೇಕಂತೆ” ಎನ್ನುತ್ತಿದ್ದಳು.

ಎರಡನೇ ವರ್ಷವಿರಬೇಕು. ಜನ ವಾಸವಿರುವ ಮನೆಯೊಂದನ್ನು ಅಳೆದು, ಅಲ್ಲಿರುವವರನ್ನು ಮಾತಾಡಿಸಿ, ನಕ್ಷೆ ಬರೆದು ತರಲು ಕಾಲೇಜಿನಲ್ಲಿ ಹೇಳಿದ್ದರು. ಅವಳು ನಮ್ಮ ಮನೆಯನ್ನೇ ಆರಿಸಿಕೊಂಡಳು. ಭಾನುವಾರವೆಲ್ಲ ಟೇಪು ಹಿಡಿದು ಓಡಾಡಿದಳು. ಟೇಪಿನ ಇನ್ನೊಂದು ತುದಿ ಹಿಡಿದವಳು ನಾನು. ಒಲೆಯ ಮೇಲೆ ಹುರುಳಿಕಾಳು ಬೇಯುತ್ತಿತ್ತು. ಎಲ್ಲ ಮುಗಿದ ಮೇಲೆ ಅವಳು ಕೇಳಿದಳು:

“ಆಂಟಿ, ಈ ಮನೇಲಿ ನಿಮ್ ಜಾಗ ಯಾವ್ದು?”

“ನನ್ ಜಾಗಾನಾ? ಇಡೀ ಮನೇನೇ ನಂದು ಕಣೇ” ಎಂದೆ.

ಅವಳು ಒಂದೊಂದೇ ತೋರಿಸುತ್ತಾ ಬಂದಳು. ಯಜಮಾನರಿಗೆ ಮೇಜಿತ್ತು, ಬೀಗವಿರುವ ಡ್ರಾಯರಿತ್ತು, ಹೆಲ್ಮೆಟ್ಟಿಗೂ ಒಂದು ಮೊಳೆಯಿತ್ತು. ನನ್ನ ಕನ್ನಡಕ ಫ್ರಿಜ್ಜಿನ ತಲೆಯ ಮೇಲೆ. ಹೇರ್‌ಪಿನ್ನು ಸಾಸಿವೆ ಡಬ್ಬಿಯ ಮುಚ್ಚಳದಲ್ಲಿ. ತಲೆನೋವಿನ ಮುಲಾಮು ಸಕ್ಕರೆ ಡಬ್ಬದ ಹಿಂದೆ. ಸೀರೆಯ ಪಿನ್ನು ಕ್ಯಾಲೆಂಡರಿಗೆ ಚುಚ್ಚಿತ್ತು. ಕೊನೆಗೆ ಫ್ರಿಜ್ಜಿನ ಮಗ್ಗುಲನ್ನು ತೋರಿಸಿದಳು. ಮುಖ ತೊಳೆಯುವಾಗೆಲ್ಲ ತೆಗೆದು ಅಂಟಿಸಿದ ನನ್ನ ಬೊಟ್ಟುಗಳು ಅಲ್ಲಿ ಇರುವೆಯ ಸಾಲಿನ ಹಾಗೆ ಇದ್ದವು.

“ಹೆಂಗಸ್ರು ಎಲ್ಲಿ ನಿಲ್ತಾರೋ ಅಲ್ಲಿ ಬೊಟ್ಟು ಅಂಟಿರುತ್ತೆ ಆಂಟಿ. ಇಡೀ ಮನೆ ನಿಮ್ದಲ್ಲ. ಇಡೀ ಮನೇಲಿ ನೀವು ಚೆಲ್ಲಿಹೋಗಿದೀರ, ಅಷ್ಟೇ.”

ನಾನು ನಕ್ಕೆ. ನಗು ಅರ್ಧಕ್ಕೇ ನಿಂತಿತು.

ಹಾಲಿಗೂ ಅಡುಗೆಮನೆಗೂ ನಡುವೆ ಗೋಡೆ ಒಳಸರಿದು ಒಂದು ಮೂಲೆಯಿದೆ. ಅವಳ ನಕ್ಷೆಯಲ್ಲಿ ಅಲ್ಲಿ ಒಂದು ಕನ್ನಡಿ, ಸಣ್ಣ ಡ್ರಾಯರು, ಕೂರಲೊಂದು ಸ್ಟೂಲು, ಮೇಲೊಂದು ದೀಪ. ‘ಆಂಟಿ ಕಾರ್ನರ್’ ಎಂದು ದುಂಡಗೆ ಬರೆದಿದ್ದಳು. ಯಜಮಾನರಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. “ಬುದ್ಧಿವಂತೆ ಕಣೇ ಈ ಹುಡ್ಗಿ! ಆ ಜಾಗ ನನ್ ತಲೆಗೇ ಹೊಳೆದಿರ್ಲಿಲ್ಲ. ಗಾಳಿ ಆಡುತ್ತೆ, ಪ್ಲಗ್ ಪಾಯಿಂಟೂ ಹತ್ರ” ಎಂದರು. ಮುಂದಿನ ವಾರ ಅಲ್ಲಿಗೆ ಯುಪಿಎಸ್ ಬಂದು ಕೂತಿತು. ಅದರ ಬ್ಯಾಟರಿಗೆ ನೀರು ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ಕೊನೆಯ ವರ್ಷದಲ್ಲಿ ಅವಳಿಗೆ ಕುಣಿಗಲ್ಲಿನ ಸಂಬಂಧವೊಂದು ಕೂಡಿ ಬಂತು. ಹುಡುಗನ ಮನೆಯವರದು ಹಾರ್ಡ್‌ವೇರ್ ಅಂಗಡಿ, ಎರಡಂತಸ್ತಿನ ಮನೆ, ಅಣ್ಣ ತಮ್ಮ ಇಬ್ಬರೇ. ಅವಳಿಗೆ ಆಗ ಮದುವೆ ಬೇಕಿರಲಿಲ್ಲ. ತುಮಕೂರಿನ ಒಂದು ಡಿಸೈನ್ ಆಫೀಸಿನಲ್ಲಿ ರಜೆಯಲ್ಲಿ ಕೆಲಸ ಕಲಿತಿದ್ದಳು. ಪರೀಕ್ಷೆ ಮುಗಿಸಿ ಬಾ, ಇಲ್ಲೇ ಸೇರಿಕೋ ಎಂದು ಅವರು ಹೇಳಿದ್ದರು. ಮೊದಲ ಸಂಬಳದಲ್ಲಿ ನನಗೆ ಆ ಸ್ಟೂಲು ಮಾಡಿಸಿ ಕೊಡುತ್ತೇನೆಂದು ಮಾತು ಕೊಟ್ಟಿದ್ದಳು. ಆದರೆ ಹುಡುಗನ ಕಡೆಯವರು ಬಂದು ನೋಡಿ ಒಪ್ಪಿ ಹೋದರು. “ಮದ್ವೆ ಆದ್ಮೇಲೂ ಓದ್ಲಿ, ನಾವೇನ್ ಬ್ಯಾಡ ಅಂತೀವಾ?” ಎಂದೂ ಅಂದರು. ಇನ್ನು ಉಳಿದದ್ದು ಹೆಣ್ಣಿನ ಕಡೆಯವರು ಹೋಗಿ ಗಂಡಿನ ಮನೆ ನೋಡಿ ಬರುವುದು.

ಮನೆ ನೋಡಲು ಹುಡುಗಿಯ ಅಪ್ಪ, ಅಮ್ಮ, ಸೋದರಮಾವ, ಬೇಕಾದರೆ ಪಕ್ಕದ ಮನೆಯವರೂ ಹೋಗಬಹುದು. ಹುಡುಗಿ ಹೋಗುವ ಹಾಗಿಲ್ಲ. ನಮ್ಮ ಕಡೆ ಅದೇ ಪದ್ಧತಿ. ಮನೆ ನೋಡುವುದನ್ನೇ ವರ್ಷಗಟ್ಟಲೆ ಓದಿದವಳಿಗೆ ತಾನು ಬಾಳಬೇಕಾದ ಮನೆಯನ್ನು ಮಾತ್ರ ನೋಡುವ ಹಾಗಿರಲಿಲ್ಲ. ಅವಳ ಒತ್ತಾಯಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಕಾರು ಹತ್ತುವಾಗ ಅವಳು ನನ್ನ ಕೈ ಹಿಡಿದುಕೊಂಡಳು. “ಅವ್ರೆಲ್ಲ ಬಾಗ್ಲು ನೋಡ್ತಾರೆ ಆಂಟಿ. ನೀವು ಅವ್ರ ದೊಡ್ ಸೊಸೆ ಬೊಟ್ಟು ಎಲ್ಲಿ ಅಂಟಿಸ್ತಾಳೆ ನೋಡ್ಕೊಂಡ್ ಬನ್ನಿ.”

ಗೂಳೂರು ದಾಟುವಾಗಲೂ ನನಗೆ ಒಳಗೊಳಗೇ ನಗು. ಇದೆಂಥ ಪತ್ತೇದಾರಿ ಕೆಲಸ...

ಅವಳು ಹೇಳಿದ ಹಾಗೇ ಆಯಿತು. ಸೋದರಮಾವ ಬೆರಳು ಮಡಚಿ ಬಾಗಿಲನ್ನು ತಟ್ಟಿ, “ತೇಗ ಕಣಕ್ಕಾ, ಗಟ್ಟಿ ತೇಗ!” ಎಂದು ಅಕ್ಕನಿಗಲ್ಲ, ಬೀದಿಗೇ ಕೇಳಿಸುವಂತೆ ಹೇಳಿದ. ಅವಳ ಅಪ್ಪ ಗ್ರಾನೈಟಿನ ಮೇಲೆ ಕಾಲು ಜಾರಿಸಿ ನೋಡಿದರು. ಹುಡುಗನ ತಾಯಿ ಮಹಡಿಯ ಕೋಣೆಗಳನ್ನೆಲ್ಲ ತೋರಿಸಿದರು. ದೊಡ್ಡ ಮಗ ಸೊಸೆಯ ಕೋಣೆಯಲ್ಲಿ ಆಳೆತ್ತರದ ಕನ್ನಡಿಯಿರುವ ಡ್ರೆಸ್ಸಿಂಗ್ ಟೇಬಲ್ ಇತ್ತು. ಅದರ ಮೇಲೆ ಗಂಡಸರ ಬಾಚಣಿಗೆ, ಶೇವಿಂಗ್ ಸೆಟ್ಟು, ಅಂಗಡಿಯ ಬಿಲ್ಲುಗಳು. ಕನ್ನಡಿ ತೊಳೆದಿಟ್ಟ ಹಾಗಿತ್ತು. ಒಂದು ಬೊಟ್ಟಿನ ಗುರುತೂ ಇರಲಿಲ್ಲ. ದೊಡ್ಡ ಮನೆ, ಶುಚಿಯಾಗಿ ಇಟ್ಟುಕೊಂಡಿದ್ದಾರೆ ಎಂದುಕೊಂಡೆ.

ಉಪ್ಪಿಟ್ಟು ಕೇಸರಿಭಾತು ಕೊಟ್ಟದ್ದು ದೊಡ್ಡ ಸೊಸೆ. ಕೊಟ್ಟು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. “ನಮ್ಮನೇಲಿ ಸೊಸೆ, ಮಗ್ಳು ಅಂತ ಭೇದ ಇಲ್ಲ ಕಣ್ರವ್ವಾ” ಎಂದು ಆ ತಾಯಿ ಹೇಳುತ್ತಿರುವಾಗ ನಾನು ತಟ್ಟೆ ಇಡುವ ನೆಪದಲ್ಲಿ ಒಳಗೆ ಹೋದೆ. ಅಷ್ಟು ದೊಡ್ಡ ಮನೆಯ ಕೊಟ್ಟಕೊನೆಗೆ ಅಡುಗೆಮನೆ, ಹಗಲಲ್ಲೇ ಲೈಟು. ಬಾಗಿಲ ಹಿಂದೆ ರಾಗಿ ತುಂಬಿದ ತಗಡಿನ ಡ್ರಮ್ಮು. ಡ್ರಮ್ಮಿನ ಮೈಗೆ ಬೊಟ್ಟುಗಳು, ಮೇಲಿಂದ ಕೆಳಗೆ ಸಾಲಾಗಿ. ಮುಚ್ಚಳದ ಹಿಂದೆ ಸಿಕ್ಕಿಸಿದ ಒಂದು ಬಾಚಣಿಗೆ. ಕೂದಲು ಬಿದ್ದೀತೆಂದು ನಮ್ಮ ಕಡೆ ಯಾರೂ ಅಡುಗೆಮನೆಯಲ್ಲಿ ಬಾಚಣಿಗೆ ಇಡುವುದಿಲ್ಲ. ನಾನು ನೋಡಿದ್ದನ್ನು ಆ ಹೆಣ್ಣುಮಗಳು ನೋಡಿದಳು. ಮೆಲ್ಲಗೆ ಸರಿದು ಡ್ರಮ್ಮಿಗೆ ಅಡ್ಡವಾಗಿ ನಿಂತು ಸೆರಗು ಎಳೆದುಕೊಂಡಳು.

ಸಂಜೆ ಮನೆಗೆ ಬಂದು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅವಳು ಅಡುಗೆಮನೆಯ ನೆಲದ ಮೇಲೆ ಕೂತು ಕೇಳಿದಳು. ಮಹಡಿಯ ಕನ್ನಡಿಯ ಬಗ್ಗೆ ಎರಡು ಸಲ ಕೇಳಿದಳು. ಆಮೇಲೆ, “ಆ ರೂಮಿಗೆ ಅವ್ರು ಮಲಗೋಕೆ ಮಾತ್ರ ಹೋಗ್ತಾರೆ ಆಂಟಿ... ಅಲ್ಲೂ ಅವ್ರದ್ದು ಅಂತ ಒಂದ್ ಸಾಮಾನಿಲ್ಲ. ಅಂಥ ಮನೇಲಿ ನನ್ನನ್ನ ಓದೋಕೆ ಬಿಡ್ತಾರಾ?” ಎಂದಳು. ಆವತ್ತೇ ಅಮ್ಮನಿಗೆ ಫೋನು ಮಾಡಿ ಈ ಸಂಬಂಧ ಬೇಡ ಎಂದಳು.

ಮಾರನೆಯ ದಿನ ಅವಳ ಅಮ್ಮ, ಸೋದರಮಾವ ಇಬ್ಬರೂ ಬಂದಿಳಿದರು. ನಮ್ಮ ಹಾಲಿನಲ್ಲೇ ಪಂಚಾಯ್ತಿ. ಮಾವ ತೊಡೆ ತಟ್ಟಿಕೊಂಡು ನಕ್ಕ. “ಬೊಟ್ಟು ನೋಡಿ ಗಂಡು ಬ್ಯಾಡ ಅನ್ನೋಳ್ನ ಇವತ್ತೇ ಕಣವ್ವಾ ಕಂಡಿದ್ದು! ನಾಳೆ ಪೊರಕೆ ಎಲ್ಲಿ ಮಡಗವ್ರೆ ಅಂತಾನೂ ನೋಡ್ತೀಯೇನು? ಇದ್ನೇನಾ ನಿಮ್ ಕಾಲೇಜಲ್ಲಿ ಕಲ್ಸೋದು?”

“ಹೂಂ ಮಾವ, ಇದನ್ನೇ” ಎಂದಳು ಅವಳು.

ನಾನು ಅಮ್ಮನ ಪಕ್ಕ ಹೋಗಿ ಕೂತೆ. ಹುಡುಗಿ ಹೇಳುವುದರಲ್ಲಿ ಹುರುಳಿದೆ, ಆ ಅಡುಗೆಮನೆಯನ್ನು ನಾನೇ ಕಣ್ಣಾರೆ ಕಂಡೆ, ಪರೀಕ್ಷೆ ಮುಗಿಯುವವರೆಗಾದರೂ ತಡೆಯಿರಿ ಎಂದು ಬೇಡಿಕೊಂಡೆ. ಯಜಮಾನರು ಪೇಪರಿನ ಹಿಂದಿನಿಂದ, “ನಿನಗ್ಯಾಕೆ ಊರ ಉಸಾಬರಿ?” ಎಂದರು. ಅಮ್ಮ ಸಿಟ್ಟಾಗಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದರು:

“ಎಲ್ಲಾದ್ರೂ ಅಂಟುಸ್ಕೊಳ್ಲಿ ಬುಡಕ್ಕಾ. ಬೊಟ್ಟು ಹಣೇಲಿ ಗಟ್ಟಿಯಾಗಿದ್ರೆ ಸಾಕು. ನಂದೂ ಹಿಟ್ಟಿನ ಡಬ್ಬದ ಮ್ಯಾಲೇ ಅದೆ. ನಾನೇನ್ ಸತ್ತೋದ್ನಾ?”

ನನ್ನ ಹಿಂದೆ ಫ್ರಿಜ್ಜು ಗುಂಯ್‌ಗುಡುತ್ತಿತ್ತು.

ಗುಬ್ಬಿಯ ಛತ್ರದಲ್ಲಿ ಅದೇ ಹುಡುಗನ ಜೊತೆ ಮದುವೆಯಾಯಿತು. ಕೋಣೆ ಖಾಲಿ ಮಾಡುವ ದಿನ ಎಲ್ಲವನ್ನೂ ಗುಡಿಸಿ ಒರೆಸಿದಳು. ಕನ್ನಡಿಯ ಮೇಲಿನ ಬೊಟ್ಟುಗಳನ್ನು ಮಾತ್ರ ತೆಗೆಯಲಿಲ್ಲ. ಮರೆತಳೋ, ಬೇಕೆಂದೇ ಬಿಟ್ಟಳೋ... ನಾನೂ ಕೇಳಲಿಲ್ಲ. ಡ್ರಾಯಿಂಗ್ ಬೋರ್ಡು ಅವಳ ಜೊತೆ ಕುಣಿಗಲ್ಲಿಗೆ ಹೋಯಿತು. ಪರೀಕ್ಷೆಗೆ ಕಳಿಸುತ್ತೇವೆ ಎಂದಿದ್ದವರು ಆ ಸಲ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದರು, ಮುಂದಿನ ಸಲ ಅವಳಿಗೆ ತಿಂಗಳು ತುಂಬಿತ್ತು. ಆಮೇಲೆ ಕೊರೊನಾ ಬಂದು ಊರಿಗೆಲ್ಲ ಬೀಗ ಬಿತ್ತು. ಬೀಗ ತೆಗೆದಾಗ ಆ ಮಾತನ್ನು ಯಾರೂ ಎತ್ತಲಿಲ್ಲ.

ಒಂದೇ ಒಂದು ಸಲ ಮತ್ತೆ ಆ ಮನೆಗೆ ಹೋಗಿದ್ದೆ. ಮನೆಯನ್ನೆಲ್ಲ ಹೊಸದಾಗಿ ಮಾಡಿಸಿ ಪೂಜೆ ಇಟ್ಟುಕೊಂಡಿದ್ದರು. ಒಳಗೆ ಕಾಲಿಟ್ಟರೆ ಬೇರೆಯೇ ಮನೆ. ಸೂರಿನಲ್ಲಿ ಅಡಗಿದ ದೀಪಗಳು, ಟಿವಿಯ ಸುತ್ತ ಮರದ ಪಟ್ಟಿಗಳು, ಮಾವನವರು ಕೂತು ಏಳಲು ಅವರ ಮಂಡಿಗೆ ತಕ್ಕ ಎತ್ತರದ ದಿವಾನ. ನೋಡಿದ ಕೂಡಲೇ ಅವಳ ಕೈ ಎಂದು ತಿಳಿಯುತ್ತಿತ್ತು. “ಎಲ್ಲಾ ನಮ್ ಸೊಸೇದೇ ಡಿಸೈನು. ಹೊರಗಿನವ್ರಿಗೆ ದುಡ್ ಯಾಕ್ ಕೊಡ್ಬೇಕು?” ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಸೊಸೆ ಮಾತ್ರ ಅಲ್ಲೆಲ್ಲೂ ಕಾಣಲಿಲ್ಲ.

ಒಳಗೆ ಹೋದೆ. ಅಡುಗೆಮನೆ ಇದ್ದ ಹಾಗೇ ಇತ್ತು. ಅದೇ ಹಗಲು ದೀಪ. ಅವಳೂ ವಾರಗಿತ್ತಿಯೂ ಒಬ್ಬಟ್ಟು ತಟ್ಟುತ್ತಿದ್ದರು. ಹೂರಣದ ಉಂಡೆಗಳನ್ನು ಸಾಲಾಗಿ ಜೋಡಿಸಿದ್ದು ಡ್ರಾಯಿಂಗ್ ಬೋರ್ಡಿನ ಮೇಲೆ. ನನ್ನನ್ನು ಕಂಡು ಎದ್ದಳು, ಕೈಯಲ್ಲಿ ಎಣ್ಣೆ. ಬಾಗಿಲ ಹಿಂದೆ ಅದೇ ಡ್ರಮ್ಮು. ಹಳೆಯ ಸಾಲಿನ ಪಕ್ಕದಲ್ಲಿ ಹೊಸದೊಂದು ಸಾಲು. ಚಿಕ್ಕ ಮೆರೂನ್ ಬೊಟ್ಟುಗಳು, ಅವಳು ಕಾಲೇಜಿಗೆ ಇಟ್ಟುಕೊಂಡು ಹೋಗುತ್ತಿದ್ದಂಥವು.

ಅವಳು ಅಡ್ಡ ಬಂದು ನಿಲ್ಲಲಿಲ್ಲ. ನಾನು ನೋಡಲಿ ಎಂದು ಬಿಟ್ಟಳು.

“ಇಲ್ಲೊಂದು ಕನ್ನಡಿನಾದ್ರೂ ಹಾಕುಸ್ಕೊಬಾರ್ದೇನೇ?” ಎಂದೆ.

“ನಕ್ಷೇಲಿ ಹಾಕಿದ್ದೆ ಆಂಟಿ. ಅಡುಗೆಮನೇಲಿ ಕನ್ನಡಿ ಇರ್ಬಾರ್ದಂತೆ, ವಾಸ್ತು. ಇಲ್ಲಿಗ್ಯಾರು ಬರ್ತಾರೆ ಅಂತ ಅಡುಗೆಮನೆ ಕೆಲ್ಸಾನೇ ಬಿಟ್ಬಿಟ್ರು.” ಕೈಯ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡು, “ಯುಪಿಎಸ್ ಚೆನ್ನಾಗಿದೆಯಾ?” ಎಂದಳು.

“ಹೂಂ ಕಣೇ. ಸುಖವಾಗಿದೆ.”

ಇಬ್ಬರೂ ನಕ್ಕೆವು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ಏನೆಂದು ತಿಳಿಯದ ವಾರಗಿತ್ತಿಯೂ ಸುಮ್ಮನೆ ಜೊತೆಗೆ ನಕ್ಕಳು. ಹಾಲಿನಿಂದ ಅತ್ತೆ, “ಒಬ್ಬಟ್ಟು ತರ್ರೇ, ಪಂಕ್ತಿ ಕಾಯ್ತಾ ಅದೆ” ಎಂದು ಕೂಗಿದರು.

ಆಮೇಲೆ ಅವಳನ್ನು ನೋಡಿಲ್ಲ. ಕುಣಿಗಲ್ಲು ದೂರವೇನಲ್ಲ, ಬೇಕಾದಷ್ಟು ಬಸ್ಸುಗಳಿವೆ. ಫೋನು ಮಾಡಿದರೆ ಅತ್ತೆ ಎತ್ತುತ್ತಾರೆ. “ಕೆಲ್ಸದಲ್ಲವ್ಳೆ, ಆಮೇಲೆ ಮಾಡುಸ್ತೀನಿ” ಎನ್ನುತ್ತಾರೆ. ಆ ‘ಆಮೇಲೆ’ ಇನ್ನೂ ಬಂದಿಲ್ಲ... ನಾನೂ ಮಾಡುವುದನ್ನು ಕಡಿಮೆ ಮಾಡಿದ್ದೇನೆ.

ಈಗ ಯುಪಿಎಸ್ ಕೆಟ್ಟು, ಹೊಸದನ್ನು ಮೆಟ್ಟಿಲ ಕೆಳಗೆ ಇಟ್ಟಿದ್ದಾರೆ. ಮೂಲೆ ಖಾಲಿಯಾಗಿತ್ತು. ಇವತ್ತು ಕನ್ನಡಿಯನ್ನು ಕಂಡ ಮೇಲೆ ಆಚಾರರನ್ನು ಕೆಳಗೆ ಕರೆದು ಜಾಗ ತೋರಿಸಿ, ಅದನ್ನು ಇಲ್ಲಿಗೆ ಕೂರಿಸಿಕೊಡಿ ಎಂದೆ. “ಕೂರುಸ್ಬೋದಮ್ಮ. ಸಾರ್‌ನ ಒಂದ್ ಮಾತು ಕೇಳಿದೀರಾ?” ಎಂದರು. ಅವರೇ ಫೋನು ಮಾಡಿ ಕೇಳಿಯೂಬಿಟ್ಟರು. ಮಧ್ಯಾಹ್ನ ಊಟಕ್ಕೆ ಬಂದ ಯಜಮಾನರು ಮೂಲೆಯ ಮುಂದೆ ನಿಂತು, “ಫ್ರಿಜ್ಜು ಅಳತೆ ಮಾಡಿಸಿದ ಹಾಗೆ ಕೂರುತ್ತಲ್ಲ ಇಲ್ಲಿ!” ಎಂದರು. ಇಬ್ಬರೂ ಸೇರಿ ದಬ್ಬಿ ಕೂರಿಸಿದರು. ನಿಜ, ಸರಿಯಾಗಿ ಕೂತಿತು. ಕನ್ನಡಿಯ ಬಾಗಿಲು ಹಳೆಯ ಸಾಮಾನಿನ ಜೊತೆ ಗೂಡ್ಸ್ ಆಟೋದಲ್ಲಿ ಹೋಯಿತು. ಬೀದಿಯ ತಿರುವಿನವರೆಗೂ ಅದರಲ್ಲಿ ನಮ್ಮ ಮನೆ ಕಾಣುತ್ತಿತ್ತು.

ಸಂಜೆ ಮುಖ ತೊಳೆಯುವಾಗ ಬೊಟ್ಟು ತೆಗೆದೆ. ಕೈ ತಾನಾಗಿಯೇ ಫ್ರಿಜ್ಜಿನ ಕಡೆ ಹೋಯಿತು. ಬೊಟ್ಟುಗಳ ಮಗ್ಗುಲು ಈಗ ಗೋಡೆಗೆ ಒತ್ತಿಕೊಂಡಿದೆ. ಬೆರಳ ತುದಿಯಲ್ಲಿ ಬೊಟ್ಟು ಇಟ್ಟುಕೊಂಡು ಒದ್ದೆ ಮುಖದಲ್ಲಿ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು. ತೆರೆದಿರುವ ಈಚೆ ಮಗ್ಗುಲಿಗೆ ಅಂಟಿಸಿ, ಹೋಗಿ ಒಲೆ ಆರಿಸಿದೆ.