ಸಲೋತ್ರಿ ಬೇಡವೆಂದ ಹಗ್ಗ

…ಅಥವಾ ಸಲೋತ್ರಿ ನನ್ನ ಆಕಳ ಪಕ್ಕೆಯ ಮೇಲಿಟ್ಟದ್ದು ಎಡಗೈಯೇ ಇರಬಹುದು. ಉಗುರುಗಳಂತೂ ತಂಬಾಕಿನ ಬಣ್ಣಕ್ಕೆ ತಿರುಗಿದ್ದವು. ಊರೂರಿನ ದನಗಳ ಬಾಯಿ, ಗೊರಸುಗಳನ್ನು ಔಷಧದ ನೀರಿನಲ್ಲಿ ತೊಳೆದು ತೊಳೆದು ಹಾಗಾಗಿದ್ದವು. ಸಲೋತ್ರಿ, ಅಂದರೆ ದನದ ಡಾಕ್ಟರು, ಚಿತ್ತಾಪುರದ ಕಡೆಯಿಂದ ಸೈಕಲ್ ಮೇಲೆ ನಮ್ಮೂರು ತೆಂಗಳಿಗೆ ಬರುತ್ತಿದ್ದರು. ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬೂಟಿನ ತಳವನ್ನೂ ತೊಳೆಯುತ್ತಿದ್ದರು.

"ಸಾಹೇಬ್ರಿಗಿ ನಮ್ಮ ಸಗಣಿ ಮೈಲಿಗಿ ಆಗ್ಯದ," ಎಂದು ನಾವು ನಗುತ್ತಿದ್ದೆವು.

"ನನಗಲ್ರೋ, ಮುಂದಿನ ಮನಿ ಆಕಳಿಗಿ ಮೈಲಿಗಿ," ಎನ್ನುತ್ತಿದ್ದರು.

ನಿಜಾಮರ ಆಡಳಿತ ಮುಗಿದ ಮರುವರ್ಷವೋ ಅದರಾಚೆಯ ವರ್ಷವೋ, ಕಾಲುಬಾಯಿ ಬೇನೆ ಬಂತು. ನನ್ನ ಆಕಳು ಏಳು ತಿಂಗಳ ಗಬ್ಬ. ಅಣ್ಣಂದಿರಿಂದ ಬೇರೆಯಾದಾಗ ನನ್ನ ಪಾಲಿಗೆ ಬಂದ ದನ ಅದೊಂದೇ. ಸಲೋತ್ರಿ ಅದರ ಪಕ್ಕೆಯ ಮೇಲೆ ಮೆಲ್ಲಗೆ ಅಂಗೈ ಇಟ್ಟು, ಒಳಗಿನ ಕರು ಮಿಸುಕುವವರೆಗೂ ಹಾಗೇ ನಿಂತರು.

"ತಮ್ಮಾ, ಇದನ್ನ ಹೊಲದಾಗೇ ಕಟ್ಟು. ಊರ ದನದಾಗ ಬಿಡಬ್ಯಾಡ. ಈ ಜ್ವರ ಏರಿದ್ರ ಹೊಟ್ಟ್ಯಾಗಿನ ಕರ ಉಳಿಯೋದು ಭಾಳ ಕಷ್ಟ."

ಆ ಮಂಗಳವಾರ ಊರಿನವರು ಊರ ಹೆಬ್ಬಾಗಿಲಾದ ಅಗಸಿಗೆ ಮಂತ್ರಿಸಿದ ಹಗ್ಗ ಕಟ್ಟಿದರು. ಬೇನೆ ಬಂದ ದನ, ಬಾರದ ದನ, ಎಲ್ಲವೂ ಒತ್ತೊತ್ತಾಗಿ ಅದರ ಕೆಳಗೆ ದಾಟಬೇಕು. ಒಂದು ದಾಟದೆ ಉಳಿದರೂ ಊರಿಗೆಲ್ಲ ಕೇಡು ಎಂಬ ನಂಬಿಕೆ. ನಾನು ಆಕಳು ಕಟ್ಟಿದ್ದ ಹೊಲಕ್ಕೇ ಊರಗೌಡರು ಬಂದರು.

"ಏನಲೇ, ನಿನ್ನ ಆಕಳೇನು ನವಾಬನ ಬೀಬಿ ಏನು, ಪರದಾದಾಗ ಇಡ್ಲಿಕ್ಕ?"

ಜೊತೆಯವರು ನಕ್ಕರು. ನಾನೂ ನಕ್ಕೆ. ಆಕಳ ಕೊರಳ ಕಣ್ಣಿ ಬಿಚ್ಚಿದ್ದು ಗೌಡರು ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ಸುಳ್ಳು. ಬಿಚ್ಚಿ ಹಗ್ಗದ ಕೆಳಗೆ ದಾಟಿಸಿದವನು ನಾನೇ.

ವಾರ ಕಳೆಯುವುದರೊಳಗೆ ಆಕಳ ಬಾಯಿಂದ ಜೊಲ್ಲು ಸುರಿಯತೊಡಗಿತು. ಮೈ ಕೆಂಡವಾಯಿತು. ಆಮೇಲೆ ಕಂದು ಹಾಕಿತು, ದಿನ ತುಂಬದ ಕರು ಸತ್ತು ಬಿತ್ತು.

ಸಲೋತ್ರಿ ಮತ್ತೆ ಬಂದಾಗ ಗೌಡರು ಎಲ್ಲರೆದುರು ಅಂದರು: "ಇವ ಪಕ್ಕಿ ಒತ್ತಿದ್ದಕ್ಕೇ ಕಂದು ಹಾಕ್ಯದ. ಹಗ್ಗದ ಕೆಳಗ ದಾಟಿದ್ದಕ್ಕ ಆಕಳಾದ್ರೂ ಉಳದದ."

ಇಂಥ ನಾಚಿಕೆಗೆಟ್ಟ ಮಾತಿಗೆ ಊರೆಲ್ಲ ತಲೆಯಾಡಿಸಿತು. ಸಲೋತ್ರಿ ನನ್ನ ಕಡೆ ತಿರುಗಿದರು.

"ನೀ ಹೇಳಪಾ, ನಾ ಒತ್ತಿದ್ನೇನು?"

ನಾನು ಬಾಯಿ ಬಿಡಲಿಲ್ಲ.

ಅವರಾದರೂ ನನ್ನ ಕಪಾಳಕ್ಕೆ ಬಾರಿಸಬಾರದಿತ್ತೆ? ಕೊಡ ನೀರು ತರಿಸಿ ನನ್ನ ಆಕಳ ಗೊರಸು ತೊಳೆದರು. "ಹುಣ್ಣಿನಾಗ ಹುಳ ಬೀಳದಂಗ ನೋಡ್ಕೊ," ಅಂದರು. ಆ ತಾಳ್ಮೆಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಗೌಡರ ಮೇಲಿನ ಸಿಟ್ಟು ಅದಕ್ಕಿಂತ ಸುಲಭ.

ಅವರು ಮತ್ತೆ ನಮ್ಮೂರಿಗೆ ಬರಲಿಲ್ಲ. ವಾಡಿಯಲ್ಲಿ ತೀರಿಕೊಂಡರೆಂದು ಯಾರೋ ಹೇಳಿದರು. ಆಕಳಿಗೆ ಬೇನೆ ಹಗ್ಗದ ಕೆಳಗೇ ತಗುಲಿತೋ, ಅದಕ್ಕೂ ಮೊದಲೇ ತಗುಲಿತ್ತೋ, ನನಗೆ ಗೊತ್ತಿಲ್ಲ. ಅವರು ಯಾವಾಗ ಸತ್ತರು, ಏನಾಗಿ ಸತ್ತರು, ಅದೂ ಗೊತ್ತಿಲ್ಲ. ಕೇಳಲು ಹೋಗಲಿಲ್ಲ.