ಹೊಗೆ ಹೋಗಿ ಕೆಮ್ಮು ಬಂದದ್ದು

ನನ್ನ ಗುಟ್ಟೊಂದು ಸರ್ಕಾರದ ನಿಯಮದಿಂದ ಬಯಲಾದೀತೆಂದು ನಾನು ಎಣಿಸಿರಲಿಲ್ಲ. ಎಲೆಕ್ಟ್ರಿಕ್ ವಾಹನಗಳಿಗೆ ರಸ್ತೆ ತೆರಿಗೆ ಇಲ್ಲವೆಂದು ತೆಲಂಗಾಣದಲ್ಲಿ ನಿಯಮ ಬಂದಾಗ ನಮ್ಮ ಮನೆಯಲ್ಲಿ ಸಂಭ್ರಮಿಸಿದವಳು ನಾನೊಬ್ಬಳೇ. ಪರಿಸರ ವಿಜ್ಞಾನ ಓದಿದವಳು. ವಾಹನಗಳ ಹೊಗೆಯಿಂದ ಭೂಮಿ ಬಿಸಿಯಾಗುವ ಬಗೆಯನ್ನು ಊಟದ ಹೊತ್ತಿನಲ್ಲಿ ಎಷ್ಟು ವಿವರಿಸಿದೆನೆಂದರೆ, ಕೊನೆಗೆ ಅಪ್ಪ, "ಆತವ್ವಾ, ತಗೊಳ್ಳೂಣು. ಈಗರೆ ಬಿಸಿ ರೊಟ್ಟಿ ತಿನ್ನಾಕ ಬಿಡು" ಎಂದು ಹಳೆಯ ಪೆಟ್ರೋಲ್ ಸ್ಕೂಟರನ್ನು ಮಾರಿ, ಹಸಿರು ನಂಬರ್ ಪ್ಲೇಟಿನ ಹೊಸತನ್ನು ತಂದರು.

ಹೊಗೆಯ ಬಗ್ಗೆ ಅಷ್ಟೆಲ್ಲ ಯೋಚಿಸಿದ್ದ ನಾನು ಸದ್ದಿನ ಬಗ್ಗೆ ಯೋಚಿಸಿರಲಿಲ್ಲ. ಹಳೆಯ ಸ್ಕೂಟರು ಲಿಂಗಂಪಲ್ಲಿ ಸ್ಟೇಷನ್ ಕಡೆಯಿಂದ ನಮ್ಮ ಗಲ್ಲಿಗೆ ತಿರುಗುವಾಗಲೇ ಅದರ ಗುಡುಗು ಅಡುಗೆಮನೆಗೆ ಕೇಳುತ್ತಿತ್ತು. ಆ ಗುಡುಗಿಗೂ ಅಪ್ಪ ಮೆಟ್ಟಿಲು ಹತ್ತುವುದಕ್ಕೂ ನಡುವೆ ಸಿಗುತ್ತಿದ್ದ ಬಿಡುವೇ ನನ್ನ ಮಾನ ಕಾಯುತ್ತಿತ್ತು. ಏಕೆಂದರೆ, ಇದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ, ಮನೆಯಲ್ಲಿ ಯಾರೂ ಇಲ್ಲದಾಗ ನಾನು ಹಾಡುತ್ತೇನೆ. ಗುನುಗುವುದಲ್ಲ, ಗಂಟಲು ಬಿಚ್ಚಿ ಹಾಡುವುದು. ಹಳೆಯ ಸಿನಿಮಾ ಹಾಡುಗಳು. ನಡುವೆ ಬರುವ ಪಿಟೀಲು, ಕೊಳಲು ಎಲ್ಲ ನಾನೇ. ಕೊಂಡಾಪುರದ ಆಫೀಸಿನಲ್ಲಿ ಹಲವರು ನನ್ನ ದನಿಯನ್ನೇ ಕೇಳಿಲ್ಲ.

ಹೊಸ ಸ್ಕೂಟರಿನ ಮೊದಲ ಸಂಜೆ ಅಪ್ಪ, ಅವ್ವ ಎಂದಿನಂತೆ ತರಕಾರಿಗೆಂದು ಹೋಗಿದ್ದರು. ನಾನು ಡಬ್ಬಿಯ ಮೇಲೆ ತಾಳ ಹಾಕುತ್ತ, ಪಲ್ಲವಿ ಮುಗಿಸಿ ಪಿಟೀಲಿಗೆ ಇಳಿದು, ಹಾಗೇ ತಿರುಗಿದರೆ ಬಾಗಿಲಲ್ಲಿ ಇಬ್ಬರೂ ನಿಂತಿದ್ದರು.

"ರೀ, ಇಕಿ ನಮ್ ಮಗಳೇ ಏನು? ಮಂದಿ ಮುಂದ ನಾಕ್ ಮಾತಿಗೂ ಬಾಯಿ ಬಿಡಂಗಿಲ್ಲಲ್ರಿ!" ಎಂದಳು ಅವ್ವ.

"ಸುಮ್ನಿರು, ಪಿಟೀಲು ಇನ್ನೂ ಮುಗದಿಲ್ಲ" ಎಂದರು ಅಪ್ಪ.

ಅಂದಿನಿಂದ ನನ್ನ ಬಾಯಿಗೆ ಬೀಗ. ದಿನವಿಡೀ ಸುಮ್ಮನಿರುವ ಶಕ್ತಿ ನನಗೆ ಬರುತ್ತಿದ್ದುದು ಸಂಜೆಯ ಆ ಗದ್ದಲದಿಂದಲೇ ಎಂದು ಆಗ ತಿಳಿಯಿತು. ಉಗಿಬಂಡಿಗಳು ರಸ್ತೆಗಿಳಿದ ಕಾಲಕ್ಕೆ ಇಂಗ್ಲೆಂಡಿನಲ್ಲಿ ಒಂದು ಕಾನೂನಿತ್ತು: ಜನರನ್ನು ಎಚ್ಚರಿಸಲು ಬಂಡಿಯ ಮುಂದೆ ಒಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕು. ಓದುವಾಗ ನಕ್ಕಿದ್ದೆ. ಈಗ ನಮ್ಮ ಗಲ್ಲಿಗೂ ಅಂಥವನೊಬ್ಬ ಬೇಕೆನಿಸಿತು.

ಆ ಕೆಲಸವನ್ನು ಅಪ್ಪ ತಾವೇ ವಹಿಸಿಕೊಂಡರು. ಒಂದು ಸಂಜೆ ಕೆಳಗೆ ಗೇಟಿನ ಬಳಿ ಭಾರಿ ಕೆಮ್ಮು ಕೇಳಿತು. ಮರುದಿನವೂ ಕೇಳಿತು. ಮೂರನೆಯ ದಿನ ನನಗೆ ಅರ್ಥವಾಯಿತು, ಮತ್ತೆ ಹಾಡತೊಡಗಿದೆ. ಕೆಮ್ಮು ಬಂದೊಡನೆ ನಿಲ್ಲಿಸುತ್ತಿದ್ದೆ. ಈ ಒಪ್ಪಂದದ ಬಗ್ಗೆ ನಾವಿಬ್ಬರೂ ತುಟಿ ಬಿಚ್ಚಲಿಲ್ಲ.

ಕೆಳಗಿನ ಮನೆಯ ಒಡತಿ ಮಾತ್ರ ಸುಮ್ಮನಿರಲಿಲ್ಲ. "ಅಯ್ಯೋ ಅಣ್ಣಗಾರು, ದಗ್ಗು ಇಂಕಾ ತಗ್ಗಲೇದಾ?" ಎಂದು ಅಪ್ಪನ ಕೆಮ್ಮಿಗೆ ತೆಲುಗಿನಲ್ಲಿ ಮರುಗಿ, ದಿನವೂ ಒಂದು ಲೋಟ ಶುಂಠಿ ಕಷಾಯ ಹಿಡಿದು ಗೇಟಿನಲ್ಲೇ ನಿಲ್ಲತೊಡಗಿದರು. ಅಪ್ಪ ನಿಜ ಹೇಳಿ ಪಾರಾಗಬಹುದಿತ್ತು. ಹೇಳಲಿಲ್ಲ, ಮುಖ ಕಿವುಚಿ ಕುಡಿದರು.

ಬಾಲ್ಕನಿಯಿಂದ ಅದನ್ನು ಕಂಡ ಮರುದಿನ, ಕೆಮ್ಮು ಕೇಳಿದರೂ ನಾನು ನಿಲ್ಲಿಸಲಿಲ್ಲ. ಅಪ್ಪ ಇನ್ನೊಮ್ಮೆ, ಜೋರಾಗಿ, ಕೆಮ್ಮಿದರು. ನಾನು ಅದಕ್ಕಿಂತ ಜೋರಾಗಿ ಚರಣ ಎತ್ತಿಕೊಂಡೆ. ಅವರು ಮೇಲೆ ಬಂದು, ಹೆಲ್ಮೆಟ್ ತೆಗೆದಿಟ್ಟು, "ಕೊಳಲು ಬಿಟ್ಟಿ ನೋಡು" ಎಂದಷ್ಟೇ ಹೇಳಿದರು.

ಅಂದಿನಿಂದ ಅಪ್ಪನ ಕೆಮ್ಮು ಪೂರ್ತಿ ಗುಣವಾಗಿದೆ. ಎಲ್ಲವೂ ತಮ್ಮ ಶುಂಠಿ ಕಷಾಯದ ಮಹಿಮೆಯೆಂದು ಕೆಳಗಿನ ಮನೆಯವರು ಗಲ್ಲಿಗೆಲ್ಲ ಹೇಳುತ್ತಿದ್ದಾರೆ. ನಾವು ಅಲ್ಲಗಳೆಯಲು ಹೋಗಿಲ್ಲ.