ಅವ್ವ ನೀಡದ ಕಾಲು

ಅವ್ವನ ಬಲಮೊಣಕಾಲಿನ ಕೀಲು ಬದಲಾಯಿಸಿ ಹುಬ್ಬಳ್ಳಿಯಿಂದ ಹಂಸಭಾವಿಗೆ ಕರೆತಂದ ದಿನದಿಂದ ನನ್ನೊಳಗೆ ಹೆದರಿಕೆ ಮನೆ ಮಾಡಿತ್ತು. ಆಪರೇಷನ್ ಮಾಡಿದ ಡಾಕ್ಟರು ಅಲ್ಲೇ ಉಳಿದರು. ಹೊಲಿಗೆ ಬಿಚ್ಚಿದ್ದು ಒಬ್ಬ ನರ್ಸ್, ಫೋನ್ ಮಾಡಿ ಮಾತ್ರೆ ವಿಚಾರಿಸುತ್ತಿದ್ದದ್ದು ಇನ್ನೊಬ್ಬ ನರ್ಸ್, ಕಾಲಿಗೆ ವ್ಯಾಯಾಮ ಮಾಡಿಸಲು ಹಿರೇಕೆರೂರಿನಿಂದ ಸ್ಕೂಟಿಯಲ್ಲಿ ಬರುತ್ತಿದ್ದವಳು ಫಿಜಿಯೋಥೆರಪಿ ಹುಡುಗಿ. ಇಷ್ಟು ದೊಡ್ಡ ಕೆಲಸಕ್ಕೆ ಡಾಕ್ಟರೇ ಇಲ್ಲವಲ್ಲ ಎಂದು ಸಿಕ್ಕವರ ಮುಂದೆಲ್ಲ ಸಿಡಿಮಿಡಿಗೊಳ್ಳುತ್ತಿದ್ದೆ.

ಹುಡುಗಿ ಬಂದ ಮೊದಲ ದಿನವೇ ಅವ್ವ ರೂಢಿಯಂತೆ ಯಾವೂರು, ಯಾರ ಪೈಕಿ ಎಂದು ವಿಚಾರಿಸಿದಳು. ಅಬಲೂರಿನ ಐನೋರ, ಅಂದರೆ ಜಂಗಮರ, ಮನೆಯ ಮಗಳು ಎಂದು ಗೊತ್ತಾದದ್ದೇ ತಪ್ಪಾಯಿತು. ಐನೋರು ಮನೆಗೆ ಬಂದರೆ ಪಾದ ಮುಟ್ಟಿ ನಮಸ್ಕರಿಸುವವರು ನಾವು. ಈ ಹುಡುಗಿಯೋ ಅವ್ವನ ಹಿಮ್ಮಡಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮೊಣಕಾಲನ್ನು ಕೆಳಕ್ಕೆ ಒತ್ತಬೇಕು. ಅವ್ವ ಕಾಲನ್ನು ಸರಕ್ಕನೆ ಎಳೆದುಕೊಂಡಳು. ತನ್ನ ಪಾದ ಐನೋರ ಮಗಳಿಗೆ ತಾಗಿದರೆ ಪಾಪ ಸುತ್ತಿಕೊಳ್ಳುತ್ತದೆ ಎಂಬುದು ಅವಳ ವಾದ. ತಾನು ಬಂದಿರುವುದು ಕೆಲಸಕ್ಕೆ ಎಂದು ಹುಡುಗಿ ನಕ್ಕು ಹೇಳಿದಳು. ಜಪ್ಪಯ್ಯ ಎಂದರೂ ಅವ್ವ ಕಾಲು ಕೊಡಲಿಲ್ಲ. ತಾನೇ ಮಾಡಿಕೊಳ್ಳುತ್ತೇನೆಂದು ನಂಬಿಸಿ ಅವಳನ್ನು ಕಳಿಸುವುದು, ಸ್ಕೂಟಿಯ ಸದ್ದು ದೂರವಾದದ್ದೇ ಮೊಣಕಾಲಿನ ಕೆಳಗೆ ದಿಂಬು ತುರುಕಿಕೊಂಡು ಮಲಗುವುದು, ಹೀಗೇ ವಾರಗಳು ಕಳೆದವು.

ಒಂದು ಮಧ್ಯಾಹ್ನ ಹುಡುಗಿ ನನ್ನನ್ನು ಪಡಸಾಲೆಗೆ ಕರೆದಳು. ಕಾಲು ಬಾಗಿಯೇ ನಿಲ್ಲುತ್ತಿದೆ, ಡಾಕ್ಟರಿಗೂ ತಿಳಿಸಿದ್ದೇನೆ, ಹೀಗೇ ಆದರೆ ಮತ್ತೆ ಅರಿವಳಿಕೆ ಕೊಟ್ಟು ಕೀಲು ಸಡಿಲಿಸಬೇಕಾದೀತು ಎಂದಳು. ಹಿಂದಿನ ಸಲ ಅವ್ವನಿಗೆ ಬೇಗ ಎಚ್ಚರವಾಗಿರಲಿಲ್ಲ. ಆಪರೇಷನ್ ಥಿಯೇಟರಿನ ಹೊರಗೆ ಕುಳಿತು ನೆನಪಾದ ದೇವರಿಗೆಲ್ಲ ಹರಕೆ ಹೊತ್ತಿದ್ದೆ. ಇನ್ನೊಮ್ಮೆ ಆ ಬಾಗಿಲು ಮುಚ್ಚಿದರೆ ಅವ್ವ ಹೊರಗೆ ಬರುವುದಿಲ್ಲ ಎಂದೇ ಅನಿಸಿತು. ಒಳಗೆ ಹೋಗಿ ವಿಷಯ ಹೇಳುತ್ತ ಹೇಳುತ್ತ ಬೈದೆ, ಬೈಯುತ್ತಲೇ ಅಳು ಬಂತು. ಹಣೆಯಲ್ಲಿ ಬರೆದಂತೆ ಆಗುತ್ತದೆ ಬಿಡು ಎಂದು ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು.

ಹುಡುಗಿ ನನ್ನ ಹಿಂದೆಯೇ ಒಳಗೆ ಬಂದಳು. ಆಮೇಲೆ ಅವ್ವನನ್ನು ಎಬ್ಬಿಸಿ ಕೂರಿಸಿ, ತಾನೂ ಮಂಚ ಹತ್ತಿ, ಕಾಲ್ದೆಸೆಯಲ್ಲಿ ಒಂದು ಪಕ್ಕಕ್ಕೆ ಕುಳಿತು ತನ್ನ ಪಾದವನ್ನು ಮುಂದಿಟ್ಟಳು.

"ನಮಸ್ಕಾರ ಮಾಡ್ರಿ ಅವ್ವಾರ. ಆದ್ರ ಕಾಲು ನೀಡಿ, ಮೊಣಕಾಲು ಹಾಸಿಗಿಗೆ ತಾಗಿಸಿ, ಮುಂದ ಬಗ್ಗಿ ಮಾಡ್ರಿ. ನಿಮ್ಮ ಪಾದ ನನಗ ತಾಗಂಗಿಲ್ಲ."

ಐನೋರ ಮಗಳೇ ಪಾದ ಮುಂದಿಟ್ಟ ಮೇಲೆ ಒಲ್ಲೆ ಎನ್ನುವುದು ಅವ್ವನಿಂದಾಗಲಿಲ್ಲ. ಹಲ್ಲು ಕಚ್ಚಿ ಕಾಲು ನೀಡಿದಳು. ಹುಡುಗಿ ಮೊಣಕಾಲಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿದಳು. ಅವ್ವನ ಹಣೆ ಬೆವೆತಿತು. ಗಾಯವೇ ಬಿರಿದೀತೆಂದು ಹೆದರಿ ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಬಗ್ಗಿ ಬಗ್ಗಿ ಕೊನೆಗೆ ಅವ್ವನ ಬೆರಳ ತುದಿ ಆ ಪಾದಕ್ಕೆ ತಾಗಿತು. ಕೈ ಹಿಂದೆ ತೆಗೆಯಲಿಲ್ಲ.

"ತಾಯಿ, ನನ್ನ ಮತ್ತ ಆ ಆಪರೇಷನ್ ಖೋಲಿಗೆ ಕಳಸಬ್ಯಾಡ್ರಿ," ಎಂದಳು. "ನನಗ ಭಾಳ ಅಂಜಿಕಿ ಆಗ್ತೇತಿ."

ಅವಳೂ ಹೆದರಿದ್ದಾಳೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಹುಡುಗಿ ಯಾವ ಭರವಸೆಯನ್ನೂ ಕೊಡಲಿಲ್ಲ. ಮೊಣಕಾಲಿನ ಮೇಲಿನ ಕೈ ತೆಗೆಯದೆ, ಅವ್ವ ಇನ್ನೂ ಮುಂದೆ ಬಗ್ಗಲೆಂದು ತನ್ನ ಪಾದವನ್ನು ಒಂದಿಷ್ಟು ಹಿಂದಕ್ಕೆ ಸರಿಸಿದಳು.